ಚೌತಿ ಚಂದ್ರನಿಗೆ ರೆಡ್ಯೂಸರ್

ಚೌತಿಯ ಚಂದ್ರನನ್ನು ನೋಡಿದವರಿಗೆ ಮಾಡದ ತಪ್ಪಿನ ಅಪವಾದ ಬರುತ್ತದೆಂದು ಮುನಿಶಾಮಮ್ಮ ಎಪ್ಪತ್ತು ವರ್ಷ ಆ ಸಂಜೆ ತಲೆಯೆತ್ತಿರಲಿಲ್ಲ. ಒಮ್ಮೆಯಾದರೂ ನೋಡಿಬಿಡುವ ಆಸೆ ಮಾತ್ರ ಹೋಗಿರಲಿಲ್ಲ. ಈ ಸಲ ಗರುಡಾಚಾರ್‌ಪಾಳ್ಯದ ಮನೆಯ ತಾರಸಿಯಲ್ಲಿ ಮೊಮ್ಮಗಳು ಯಮುನಾ ಟೆಲಿಸ್ಕೋಪಿಗೆ ಕ್ಯಾಮೆರಾ ಸಿಕ್ಕಿಸಿದಳು. ಕ್ಯಾಮೆರಾದ ಪರದೆಯಲ್ಲಿ ಚಂದ್ರನ ಒಂದು ಕೊಂಬಷ್ಟೇ ಹಿಡಿಸಿತು. ಟೆಲಿಸ್ಕೋಪಿಗೂ ಕ್ಯಾಮೆರಾಗೂ ನಡುವೆ ಇನ್ನೊಂದು ಗಾಜನ್ನು ತಿರುಗಿಸಿ ಕೂರಿಸಿದಳು.

“ಇದು ರೆಡ್ಯೂಸರ್ ಅಜ್ಜಿ. ಚಂದ್ರನ್ನ ಅರ್ಧಕ್ಕಿಳಿಸಿ ಪೂರ್ತಿ ತೋರ್ಸುತ್ತೆ.”

“ಹಂಗಾದ್ರೆ ಅಪವಾದಾನೂ ಅರ್ಧಾನೇ ಬರೋದು, ತೋರ್ಸು ಅತ್ಲಾಗೆ!” ಎಂದು ಅಜ್ಜಿ ಪರದೆಯಲ್ಲಿ ಚಂದ್ರನನ್ನು ಕಣ್ತುಂಬ ನೋಡಿದರು.

ಅಷ್ಟರಲ್ಲಿ ಕೆಳಗಿನಿಂದ ಸೊಸೆ ಕೂಗಿದಳು: “ಅತ್ತೆ, ಎತ್ತಿಟ್ಟಿದ್ದ ಎರಡು ಕಡುಬೂ ನೀವೇ ತಿಂದ್ರಾ?”

ಅಜ್ಜಿ ತಿಂದಿದ್ದು ಒಂದೇ.

“ಅರ್ಧ ನಿಜ, ಅರ್ಧ ಸುಳ್ಳು! ನಿನ್ನ ಗಾಜು ಸರಿಯಾಗೇ ಐತೆ ಕಣೇ!” ಎಂದು ಹಿಗ್ಗಿದರು.

ಇನ್ನೊಂದನ್ನು ತಿಂದಿದ್ದ ಯಮುನಾ ತುಟಿಯಂಚಿನ ಹೂರಣ ಒರೆಸಿಕೊಂಡಳು.