ಊರಿಗೆ ಹೋದವನ ಹೆಸರು

ನಮ್ಮ ಮ್ಯಾನೇಜರ್ ಬೊನವೆಂಚರ್ ಸರ್ ತಮ್ಮ ಫೋನನ್ನು ನನ್ನ ಮೇಜಿನ ಮೇಲಿಟ್ಟು ವಾಯ್ಸ್ ಮೆಸೇಜನ್ನು ಮತ್ತೊಮ್ಮೆ ಕೇಳಿಸಿದರು. ಬ್ಯಾರಿ ಭಾಷೆ. ಒಬ್ಬ ಗಂಡಸು ಅವಸರವಿಲ್ಲದೆ ಮಾತಾಡುತ್ತಿದ್ದ. ನಾಳೆ ಬೆಳಿಗ್ಗೆ ಯಾವ ಡ್ರೈವರೂ ಬಸ್ಸಿನ ಕೀ ಮುಟ್ಟಬಾರದು. ನಮ್ಮ ಪಾಸ್‌ಪೋರ್ಟ್ ನಮ್ಮ ಕೈಗೆ ಬರಬೇಕು, ಹಗಲೂ ರಾತ್ರಿಯೂ ಓಡಿಸುವ ಡ್ಯೂಟಿ ನಿಲ್ಲಬೇಕು, ಕ್ಯಾಂಪಿನ ಹುಡುಗರು ನಮ್ಮ ಕೋಣೆಗಳಿಗೆ ಕಾಲಿಡಬಾರದು.

"ನಿಮ್ಮ ಭಾಷೆ ಅಲ್ವಾ ಮೇಡಂ? ಯಾರ ಸ್ವರ ಇದು?"

ಈ ಕೊಲ್ಲಿ ದೇಶದಲ್ಲಿ ನಮ್ಮ ಕಂಪನಿಯ ಬಸ್ಸುಗಳು ಮಂಗಫ್‌ನಿಂದ ರಿಫೈನರಿಗೆ ಕಾರ್ಮಿಕರನ್ನು ಸಾಗಿಸುತ್ತವೆ. ಡ್ರೈವರುಗಳ ದೂರುಗಳನ್ನು ಫೋನಿನಲ್ಲಿ ಕೇಳಿ ಬರೆದುಕೊಳ್ಳುವುದು ನನ್ನ ಕೆಲಸ. ಅವರಿರುವುದು ಸುಲೈಬಿಯಾದ ಕ್ಯಾಂಪಿನಲ್ಲಿ, ನಾನು ಕೂರುವುದು ಫರ್ವಾನಿಯಾದ ಕಚೇರಿಯಲ್ಲಿ. ಹೆಚ್ಚಿನವರ ಮುಖವನ್ನು ನಾನು ಕಂಡಿಲ್ಲ. ಸ್ವರ ಮಾತ್ರ ಒಂದೂ ತಪ್ಪುವುದಿಲ್ಲ.

ಇದು ನಿಸಾರನ ಸ್ವರ. ಪ್ರತಿ ವಾರ ಫೋನ್ ಮಾಡಿ, "ಮೇಡಂ, ಬಸ್ಸಿನ ಎಸಿ ಇವತ್ತೂ ಇಲ್ಲ. ರಿಫೈನರಿ ಮುಟ್ಟುವಾಗ ಜನ ಬಿರಿಯಾನಿ ಆಗಿರ್ತಾರೆ, ಇಳಿಸುವುದಾ, ಬಡಿಸುವುದಾ?" ಎಂದು ಕೇಳುವವನು.

"ಗೊತ್ತಾಗುವುದಿಲ್ಲ ಸರ್," ಎಂದೆ.

"ಬೇಜಾರಿಲ್ಲ. ಬ್ಯಾರಿ ಡ್ರೈವರುಗಳು ಆರೇ ಜನ ಅಲ್ವಾ? ಆರೂ ಜನರನ್ನು ಹುಡುಗರು ಕೂರಿಸಿ ಕೇಳ್ತಾರೆ. ಅವರಿಗೆ ನನ್ನಷ್ಟು ತಾಳ್ಮೆ ಇಲ್ಲ ನೋಡಿ."

ಕ್ಯಾಂಪಿನ ಹುಡುಗರೆಂದರೆ ಕಂಪನಿ ಸಾಕಿಕೊಂಡ ಗೂಂಡಾಗಳು. ಹೆಸರಿಗೆ ಕಾವಲುಗಾರರು. ಕಳೆದ ಚಳಿಗಾಲದಲ್ಲಿ ಪಾಸ್‌ಪೋರ್ಟ್ ಕೇಳಿದ ಒಬ್ಬ ಡ್ರೈವರನ ಕೈ ಮುರಿದಿದ್ದರು. ಮೆಟ್ಟಿಲಿನಿಂದ ಬಿದ್ದನೆಂದು ಟೈಪ್ ಮಾಡಿದವಳು ನಾನೇ.

ಬೊನವೆಂಚರ್ ಸರ್ ಫೋನನ್ನು ತೆಗೆದುಕೊಳ್ಳಲಿಲ್ಲ. ಕಾಯುತ್ತಾ ನಿಂತರು. ಇಲ್ಲಿ ಇಲ್ಲದವನ ಹೆಸರು ಹೇಳಿದರೆ ಯಾರಿಗೂ ಪೆಟ್ಟಾಗದು ಎಂದು ನನಗೆ ಹೊಳೆದದ್ದು ಆಗ. ಅಲಿಕುಂಞಿ ಎಂಬ ಹಿರಿಯ ಬ್ಯಾರಿ ಡ್ರೈವರ್ ಅದೇ ಚಳಿಗಾಲದಲ್ಲಿ ಜಗಳವಾಡಿ ಊರಿಗೆ ಹೋಗಿದ್ದ. ಅವನ ವೀಸಾ ರದ್ದತಿಯನ್ನು ಕಂಪ್ಯೂಟರಿಗೆ ಹಾಕಿದವಳು ನಾನು. ಈಗ ಉಳ್ಳಾಲದಲ್ಲಿ ಮೊಮ್ಮಕ್ಕಳ ಜೊತೆ ಇರಬೇಕು. ಮೆಸೇಜನ್ನು ಎಲ್ಲಿಂದ ಬೇಕಾದರೂ ಕಳಿಸಬಹುದಲ್ಲ?

"ಅಲಿಕುಂಞಿಯದ್ದು ಸರ್. ಈಗ ಸರಿಯಾಗಿ ಗೊತ್ತಾಯಿತು."

ಅವರು ನಗುತ್ತಾರೆ, ಇಲ್ಲವೇ ಬೈಯುತ್ತಾರೆ ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ.

"ಅಲಿಕುಂಞಿ!" ಎಂದು ತಮಗೆ ತಾವೇ ಹೇಳಿಕೊಂಡರು. "ಅವನಿಗೆ ಫೋನ್ ಯಾರು ಕೊಟ್ಟರು?"

ಊರಿನಲ್ಲಿರುವವನಿಗೆ ಫೋನನ್ನು ಯಾರಾದರೂ ಕೊಡಬೇಕೇಕೆ? ಕೇಳಲು ಧೈರ್ಯವಾಗಲಿಲ್ಲ.

"ಥ್ಯಾಂಕ್ಸ್ ಮೇಡಂ. ನೀವು ಹೊರಡಿ, ಎಡ್ವರ್ಡ್ ಮನೆಗೆ ಬಿಡ್ತಾನೆ."

ಕಚೇರಿಯ ಕಾರು ಓಡಿಸುವ ಎಡ್ವರ್ಡಣ್ಣ ಕಿನ್ನಿಗೋಳಿಯ ಕಡೆಯವರು. ನನ್ನನ್ನು ಕನ್ನಡಿಯಲ್ಲಿ ನೋಡಿದರು. "ಎಂತ ಮೇಡಂ, ಮುಖ ಹೀಗೆ? ಮಧ್ಯಾಹ್ನದ ಮೀನು ಪುಳಿಮುಂಚಿಗೆ ಮೆಣಸು ಜಾಸ್ತಿ ಆಯ್ತಾ?"

ನಾನು ನಗಲು ಪ್ರಯತ್ನಿಸಿದೆ. ಕಾರು ಹೆದ್ದಾರಿಗೆ ಸೇರುವಾಗ ಅವರಿಗೆ ಫೋನ್ ಬಂತು. ಕಾರಿನ ಸ್ಪೀಕರಿನಲ್ಲಿ ಬೊನವೆಂಚರ್ ಸರ್ ಕೊಂಕಣಿಯಲ್ಲಿ ಮಾತಾಡಿದರು. ಮೇಡಂ ಅನ್ನು ಮನೆಗೆ ಬಿಟ್ಟು ರಾಯ್ ಏರಿಯಾಕ್ಕೆ ಹೋಗು, ಅಲ್ಲಿನ ಟೈಲ್ಸ್ ಗೋಡೌನಿನಿಂದ ಅಲಿಕುಂಞಿಯನ್ನು ಹತ್ತಿಸಿಕೊಂಡು ಸುಲೈಬಿಯಾಕ್ಕೆ ಬಿಡು, ಹುಡುಗರು ಕಾಯುತ್ತಿದ್ದಾರೆ, ಅವನಿಗೆ ಏನೂ ಹೇಳಬೇಡ. ನನಗೆ ಕೊಂಕಣಿ ಬಾರದೆಂದು ಅವರ ನಂಬಿಕೆ. ಮಂಗಳೂರಿನಲ್ಲಿ ಸಿಸ್ಟರುಗಳ ಕಾಲೇಜಿನಲ್ಲಿ ಓದಿದವಳಿಗೆ ಅಷ್ಟು ಅರ್ಥವಾಗುತ್ತದೆ.

"ಅಲಿಕುಂಞಿ ಊರಿಗೆ ಹೋಗಲಿಲ್ವಾ ಎಡ್ವರ್ಡಣ್ಣ?"

ಅವರು ಬೆಚ್ಚಿದರು.

"ಏರ್‌ಪೋರ್ಟಿಗೆ ಕರ್ಕೊಂಡು ಹೊರಟದ್ದು ನಾನೇ. ಅರ್ಧ ದಾರಿಯಲ್ಲಿ ಫೋನ್ ಬಂತು, ರಾಯ್‌ಗೆ ತಿರುಗಿಸು ಅಂತ. ವೀಸಾ ಖಲಾಸ್ ಆದವನು ಮೇಡಂ. ಪೊಲೀಸರ ಹತ್ತಿರ ಹೋದ್ರೆ ಮೊದಲು ಅವನನ್ನೇ ಹಿಡೀತಾರೆ. ಟೈಲ್ಸ್ ಹೊರ್ತಾನೆ, ಅಲ್ಲೇ ಮಲಗ್ತಾನೆ."

"ಅವರ ಹೆಸರು ಹೇಳಿದವಳು ನಾನು."

"ಯಾಕೆ? ಅವನೇನು ಮಾಡಿದ?"

"ಏನೂ ಮಾಡಿಲ್ಲ. ಊರಲ್ಲಿದ್ದಾರೆ ಅಂದುಕೊಂಡೆ."

ಎಡ್ವರ್ಡಣ್ಣ ಬಾಯಲ್ಲೇ ಏನೋ ಪ್ರಾರ್ಥನೆ ಹೇಳಿಕೊಂಡರು. "ನೋಡಿ ಮೇಡಂ, ನಾನು ಡ್ರೈವರ್. ಬಿಡು ಅಂದಲ್ಲಿಗೆ ಬಿಡ್ತೇನೆ. ಇಲ್ಲಿ ನಾನು ಉಳಿಯುವ ಇಕಾಮಾ ಕೂಡ ಅವರ ಕೈಯಲ್ಲಿ ಉಂಟು."

"ಹಾಗಾದ್ರೆ ಮೊದಲು ರಾಯ್‌ಗೆ ಹೋಗುವ. ನಾನು ಇಳಿಯುವುದಿಲ್ಲ."

ಈಗಲೂ ಒಂದು ದಾರಿಯಿತ್ತು. ಬೊನವೆಂಚರ್ ಸರ್‌ಗೆ ಫೋನ್ ಮಾಡಿ, ತಪ್ಪಾಯಿತು, ಅದು ನಿಸಾರ್ ಎನ್ನಬಹುದಿತ್ತು. ಹಾಗೆಂದರೆ ಸುಲೈಬಿಯಾದಲ್ಲಿ ಹುಡುಗರ ಎದುರು ಕೂರುವವನು ಬದಲಾಗುತ್ತಾನೆ, ಅಷ್ಟೆ. ಎಡ್ವರ್ಡಣ್ಣ ಮುಂದಿನ ತಿರುವಿನಲ್ಲಿ ಕಾರನ್ನು ತಿರುಗಿಸಿದರು.

ಗೋಡೌನಿನ ಬಾಗಿಲಿಗೆ ಬಂದ ಅಲಿಕುಂಞಿಯ ಹುಬ್ಬಿನವರೆಗೂ ಬಿಳಿ ಧೂಳು. ಪ್ಲಾಸ್ಟಿಕ್ ಚಪ್ಪಲಿ, ಯಾರದೋ ದೊಡ್ಡ ಅಂಗಿ. ಸೀಟು ಕೊಳೆಯಾದೀತೆಂದು ಅಂಚಿನಲ್ಲಿ ಕೂತರು. ಕಾರು ಹೊರಟ ಮೇಲೆ ನಾನು ಎಲ್ಲವನ್ನೂ ಹೇಳಿದೆ. ಮೆಸೇಜು, ನಾನು ಹೇಳಿದ ಹೆಸರು, ಕಾಯುತ್ತಿರುವ ಹುಡುಗರು.

"ನನ್ನ ಹೆಸರೇ ಯಾಕೆ ಮೇಡಂ?"

"ನೀವು ಊರಿಗೆ ಹೋದಿರಿ ಅಂತ ನಂಬಿದ್ದೆ ಕಾಕಾ."

"ಏರ್‌ಪೋರ್ಟಿನ ದೀಪ ಕಾಣುವವರೆಗೆ ನಾನೂ ನಂಬಿದ್ದೆ," ಎಂದರು. ನನ್ನ ಕಡೆ ತಿರುಗಿ, "ಹಾಗಾದ್ರೆ ನಿಜವಾಗಿ ಮಾತಾಡಿದವ ಯಾರು?"

ನಾನು ಬಾಯಿ ತೆರೆಯುವ ಮೊದಲೇ ಕೈ ಎತ್ತಿ ತಡೆದರು. "ಬೇಡ, ಹೇಳ್ಬೇಡಿ. ಗೊತ್ತಿದ್ರೆ ಹೊಡೆತಕ್ಕೆ ಬಾಯಿ ಬಿಟ್ಟೇನು."

ಎಡ್ವರ್ಡಣ್ಣ ಕಾರನ್ನು ಬದಿಗೆ ನಿಲ್ಲಿಸಿದರು. "ಈಗ ಎಲ್ಲಿಗೆ? ಎಂಬೆಸಿ ಮುಚ್ಚಿಯಾಯ್ತು."

"ನಮ್ಮ ಮನೆಗೆ."

"ಇಕಾಮಾ ಇಲ್ಲದವನನ್ನು ಇಟ್ಕೊಂಡ್ರೆ ನಿಮ್ಮನ್ನೂ ನಿಮ್ಮ ಗಂಡ ಸಿರಾಜನನ್ನೂ ಒಟ್ಟಿಗೇ ವಿಮಾನ ಹತ್ತಿಸ್ತಾರೆ."

"ಗೊತ್ತುಂಟು."

"ನಾನು ಅವರಿಗೆ ಎಂತ ಹೇಳಲಿ?"

"ನೀವೇನೂ ಹೇಳ್ಬೇಡಿ. ನಾನೇ ಹೇಳ್ತೇನೆ."

ಮಂಗಫ್‌ನ ನಮ್ಮ ಮನೆಯ ಬಾಗಿಲು ತೆರೆದ ಮಗಳು ನಶ್ರಾ, "ಮಮ್ಮಾ, ಹೂ ಇಸ್ ದಿಸ್ ಅಂಕಲ್?" ಎಂದಳು. ಊರಿನವರು ಎಂದೆ. ಅಡುಗೆಮನೆಗೆ ಹೋಗಿ ಬೊನವೆಂಚರ್ ಸರ್‌ಗೆ ಫೋನ್ ಮಾಡಿದೆ.

"ಅಲಿಕುಂಞಿ ನನ್ನ ಮನೆಯಲ್ಲಿದ್ದಾರೆ ಸರ್. ನಾಳೆ ಎಂಬೆಸಿಗೆ ಕರ್ಕೊಂಡು ಹೋಗ್ತೇನೆ. ಎಡ್ವರ್ಡಣ್ಣನಿಗೆ ಬೇರೆ ದಾರಿ ಇರ್ಲಿಲ್ಲ, ನಾನು ಕಾರಿನಿಂದ ಇಳಿಯಲಿಲ್ಲ."

ಆ ಕಡೆ ಟೀವಿಯ ಸದ್ದು ಕೇಳುತ್ತಿತ್ತು. "ಮೇಡಂ, ನೀವು ಓದಿದವರು," ಎಂದರು ಮೆತ್ತಗೆ. "ಸಿರಾಜ್‌ಗೆ ವಿಷಯ ಗೊತ್ತುಂಟಾ?"

ಸಿರಾಜ್‌ಗೆ ಗೊತ್ತಾದದ್ದು ಡ್ಯೂಟಿ ಮುಗಿಸಿ ಬಂದ ಮೇಲೆ. ಅವನು ಕೂಗಾಡಲಿಲ್ಲ. "ನನ್ನನ್ನು ಒಂದು ಮಾತು ಕೇಳ್ಬಹುದಿತ್ತು," ಎಂದು ಅಲಿಕುಂಞಿಕಾಕನಿಗೆ ತನ್ನ ಅಂಗಿ ಲುಂಗಿ ತೆಗೆದುಕೊಟ್ಟ.

ಬೆಳಿಗ್ಗೆ ಎಂದಿನಂತೆ ರಿಫೈನರಿಗೆ ಹೋಗುವ ನಮ್ಮ ಕಂಪನಿಯ ಬಸ್ಸಿಗೆಂದು ಕೆಳಗಿಳಿದ. ನಶ್ರಾಳ ಶಾಲೆಯ ವ್ಯಾನ್ ಹೋದ ಮೇಲೂ ಅವನು ರಸ್ತೆಯಲ್ಲೇ ನಿಂತಿರುವುದು ಕಿಟಕಿಯಿಂದ ಕಂಡಿತು. ಬಿಸಿಲು ಗೋಡೆಯಿಂದ ಇಳಿಯುವಾಗ ಮೇಲೆ ಬಂದ.

"ಬಸ್ ಬರ್ಲಿಲ್ಲ. ಎದುರು ಬಿಲ್ಡಿಂಗಿನವರದ್ದೂ ಇಲ್ಲ."

ಅಲಿಕುಂಞಿಕಾಕ ಚಹಾದ ಲೋಟವನ್ನು ಕೆಳಗಿಟ್ಟರು. "ಒಂದೂ ಇಲ್ವಾ?"

"ಒಂದೂ ಇಲ್ಲ. ಆದ್ರೆ ಬಾಗಿಲಿನ ಎದುರು ಬೊನವೆಂಚರನ ಕಾರು ಉಂಟು. ಒಳಗೆ ನಾಲ್ಕು ಜನ."

ಸಿರಾಜ್ ಕೊರಳಿನ ಬ್ಯಾಡ್ಜ್ ತೆಗೆದು ಜೇಬಿಗೆ ಹಾಕಿಕೊಂಡ. "ಬಸ್ಸಿಗೆ ಕಾಯುವವರು ನೂರು ಜನ ಕೆಳಗೆ ನಿಂತಿದ್ದಾರೆ. ಅವರು ಕರಗುವ ಮೊದಲು ಇಳಿಯುವ. ಎಂಬೆಸಿಗೆ ಟ್ಯಾಕ್ಸಿ ಹೇಳಿಯಾಗಿದೆ. ಕಾಕಾ, ಏಳಿ."

ಲಿಫ್ಟಿನಲ್ಲಿ ಮೂವರೂ ಕೆಳಗಿಳಿದೆವು. ಹೊರಗೆ ನೀಲಿ ಸಮವಸ್ತ್ರದ ಗಂಡಸರು ಫುಟ್‌ಪಾತಿನ ತುಂಬ ಇದ್ದರು. ಕೆಲವರು ಫೋನಿನಲ್ಲಿ ಜೋರಾಗಿ ಮಾತಾಡುತ್ತಿದ್ದರು, ಕೆಲವರು ಕುಕ್ಕರಗಾಲಿನಲ್ಲಿ ಕೂತಿದ್ದರು. ಬೊನವೆಂಚರ್ ಸರ್‌ನ ಬಿಳಿ ಕಾರಿನ ಹಿಂದಿನ ಬಾಗಿಲು ತೆರೆಯಿತು. ಸಿರಾಜ್ ಪರಿಚಯದವರನ್ನೆಲ್ಲ ಹೆಸರು ಹಿಡಿದು ಗಟ್ಟಿಯಾಗಿ ಕರೆಯುತ್ತಾ, ಜನರ ನಡುವೆ ದಾರಿ ಬಿಡಿಸುತ್ತಾ ಮುಂದೆ ನಡೆದ. ಅಲಿಕುಂಞಿಕಾಕನ ತೋಳು ಹಿಡಿದು, ಅವರಿಗೂ ಆ ಕಾರಿಗೂ ನಡುವೆ ನಾನು ಟ್ಯಾಕ್ಸಿಯತ್ತ ನಡೆದೆ.