ಏಳನೆಯವನು, ಐದನೆಯವಳು

ನನ್ನ ಮಗಳಿಗೆ ಸುಳ್ಳು ಹೇಳುವುದನ್ನು ಕಲಿಸಿದವಳು ನಾನೇ. ಬೇರೆ ತಾಯಂದಿರು ಹೆಣ್ಣುಮಕ್ಕಳಿಗೆ ಅಡುಗೆ ಕಲಿಸುತ್ತಾರೆ, ಹೊಲಿಗೆ ಕಲಿಸುತ್ತಾರೆ. ನಾನು ಅವಳಿಗೆ ಹನ್ನೆರಡು ತುಂಬಿದಾಗಲೇ ಎದುರು ಕೂರಿಸಿಕೊಂಡು, ಯಾರಾದರೂ ನೀನು ಎಷ್ಟನೆಯವಳು ಎಂದು ಕೇಳಿದರೆ ‘ಎರಡು’ ಅನ್ನಬೇಕು, ‘ಐದು’ ಅಂದರೆ ಹಲ್ಲು ಉದುರಿಸುತ್ತೇನೆ ಎಂದು ಹೇಳಿಕೊಟ್ಟೆ.

ನಮ್ಮ ಬಿಯೆನ್ ಹ್ವಾ ಕಡೆ ಹೆಸರು ಇರುವುದು ಶಾಲೆಗೆ ಮತ್ತು ಸರ್ಕಾರಿ ಕಾಗದಕ್ಕೆ. ಮನೆಯಲ್ಲಿ, ಬೀದಿಯಲ್ಲಿ ಕರೆಯುವುದು ಹುಟ್ಟಿದ ಸಂಖ್ಯೆಯಿಂದ. ಚೊಚ್ಚಲ ಮಗು ‘ಎರಡು’. ಒಂದು ಎಂದು ಕರೆದರೆ ದೆವ್ವದ ಕಣ್ಣು ನೇರ ಅದರ ಮೇಲೇ ಬೀಳುತ್ತದೆ ಅಂತ ಹಿರಿಯರು ಒಂದನ್ನು ಬಿಟ್ಟೇಬಿಟ್ಟರು. ನನ್ನ ಗಂಡ ಊರಿಗೆಲ್ಲ ಆರಣ್ಣ. ಅವನ ಕೈಹಿಡಿದ ತಪ್ಪಿಗೆ ನಾನು ಆರಮ್ಮ. ಹುಟ್ಟಿ ಸತ್ತ ಮಗುವಿಗೂ ಅದರ ಸಂಖ್ಯೆ ಇದ್ದೇ ಇರುತ್ತದೆ, ಅದನ್ನು ಇನ್ನೊಬ್ಬರಿಗೆ ಕೊಡುವ ಹಾಗಿಲ್ಲ. ಹಾಗಾಗಿ ಹುಡುಗಿ ತನ್ನ ಸಂಖ್ಯೆ ಹೇಳಿದರೆ ಸಾಕು, ಅವಳ ತಾಯಿಯ ಹೊಟ್ಟೆಯ ಕತೆಯನ್ನೆಲ್ಲ ಹೇಳಿದಂತೆ.

ನನ್ನ ಹೊಟ್ಟೆಯ ಕತೆ ಇಷ್ಟು. ಎರಡು, ನನ್ನ ಮಗ ಲಾಮ್. ಕೈಕಾಲು ತಿರುಚಿಕೊಂಡೇ ಹುಟ್ಟಿದ, ಇವತ್ತಿಗೂ ನೆಟ್ಟಗೆ ಕೂರಲಾರ. ಮೂರು, ಉಸಿರಿಲ್ಲದೆ ಬಂತು. ಸೂಲಗಿತ್ತಿ ನನಗೆ ತೋರಿಸಲೇ ಇಲ್ಲ. ನಾಲ್ಕು, ಹನ್ನೊಂದು ದಿನ ಇತ್ತು. ಐದು, ಮಗಳು ಮಿಯೆನ್. ಎಲ್ಲ ಬೆರಳೂ ಸರಿಯಾಗಿ, ಗಂಟಲು ಹರಿಯುವಂತೆ ಅಳುತ್ತಾ ಬಂದಳು.

ಇದಕ್ಕೆಲ್ಲ ಕಾರಣ ನಮ್ಮೂರ ವಿಮಾನ ನಿಲ್ದಾಣದ ಗೋಡೆಯ ಹಿಂದಿನ ಕೆರೆ. ಯುದ್ಧದಲ್ಲಿ ಅಮೆರಿಕದವರು ಕಾಡಿನ ಎಲೆ ಉದುರಿಸುವ ವಿಷವನ್ನು ಅಲ್ಲಿ ಪೀಪಾಯಿಗಟ್ಟಲೆ ಇಟ್ಟಿದ್ದರು. ಸೋರಿದ್ದೆಲ್ಲ ಕೆರೆಗೆ ಇಳಿಯಿತು. ಅವರು ಹೋದರು, ವಿಷ ಹೋಗಲಿಲ್ಲ, ಕೆಸರಿನಲ್ಲಿ ಕೂತಿತು. ನಮಗೆ ಯಾರು ಹೇಳಬೇಕು? ನನ್ನ ಗಂಡ ಆ ಕೆರೆಯಲ್ಲಿ ಮೀನು ಸಾಕಿದ, ಬಾತುಕೋಳಿ ಸಾಕಿದ. ಬಸುರಿ ಗೆಂಡೆ ಮೀನಿನ ಗಂಜಿ ಕುಡಿದರೆ ಮಗು ಗಟ್ಟಿಯಾಗಿ, ಬೆಳ್ಳಗೆ ಹುಟ್ಟುತ್ತದೆ ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಅತ್ತೆ ಮೂರು ಬಸಿರಿಗೂ ದಿನ ಬಿಡದೆ ಗೆಂಡೆ ಗಂಜಿ ಮಾಡಿದಳು. ಆಕೆ ಕೆಟ್ಟವಳಾಗಿದ್ದರೆ ಬೈದಾದರೂ ಹಗುರಾಗುತ್ತಿದ್ದೆ. ಪುಣ್ಯಾತಗಿತ್ತಿ, ಮುಳ್ಳು ಆರಿಸಿ ಆರಿಸಿ ತಿನ್ನಿಸಿದಳು. ನಾಲ್ಕು ಹೋದ ಮೇಲೆ ನನಗೆ ಮೀನಿನ ವಾಸನೆಯೇ ಆಗದಂತಾಯಿತು. ಮಿಯೆನ್ ಹೊಟ್ಟೆಯಲ್ಲಿದ್ದಾಗ ನಾನು ಉಪ್ಪು, ಎಳ್ಳು, ಅನ್ನ, ಇಷ್ಟರಲ್ಲೇ ಒಂಬತ್ತು ತಿಂಗಳು ಕಳೆದೆ. ಅದಕ್ಕೇ ಅವಳು ಉಳಿದಳೋ, ಸುಮ್ಮನೆ ಉಳಿದಳೋ, ಯಾರಿಗೆ ಗೊತ್ತು.

ಎಷ್ಟೋ ವರ್ಷಗಳ ಮೇಲೆ ಕೆರೆಯ ದಂಡೆಗೆ ಬೋರ್ಡು ಬಂತು. ಮೀನು ಹಿಡಿಯಬಾರದು, ಬಾತು ಬಿಡಬಾರದು, ತಾವರೆ ಬೀಜ ಕೀಳಬಾರದು. ಬೋರ್ಡು ನೆಡಲು ಬಂದ ಅಧಿಕಾರಿಯನ್ನು ನನ್ನ ಗಂಡ, ಇದು ಇವತ್ತಿನಿಂದ ಲಾಗುವೋ ಇಪ್ಪತ್ತೈದು ವರ್ಷ ಹಿಂದಿನಿಂದಲೋ ಸ್ವಾಮಿ ಎಂದು ಕೇಳಿದನಂತೆ. ಆ ಅಧಿಕಾರಿ ತಲೆ ತಗ್ಗಿಸಿ ಗುಂಡಿ ತೋಡಿದನಂತೆ. ಮರುವರ್ಷ ಗಂಡ ಯಕೃತ್ತಿನ ಕ್ಯಾನ್ಸರ್‌ನಲ್ಲಿ ಹೋದ.

ಮಿಯೆನ್‌ಗೆ ಒಂದು ಸಂಬಂಧ ಬಂದು ಮುರಿದಿತ್ತು. ಪಕ್ಕದ ಜಿಲ್ಲೆಯವರು, ಮನೆಗೆ ಬಂದು ಲಾಮ್‌ನನ್ನು ನೋಡಿದವರೇ ಚಹಾದ ಬಟ್ಟಲು ಮುಟ್ಟದೆ ಎದ್ದರು. ಆವತ್ತೇ ನಾನು ಪಟ್ಟು ಹಿಡಿದೆ. ಈ ಹುಡುಗಿಯನ್ನು ಈ ಮನೆಯಿಂದ, ಈ ಕೆರೆಯಿಂದ ದೂರ ದಾಟಿಸಬೇಕು, ಶುದ್ಧ ರಕ್ತದ ಮನೆ ಸೇರಿಸಬೇಕು. ಆಮೇಲೆ ನಾನು, ಲಾಮ್ ಹೇಗೋ ಇರುತ್ತೇವೆ. ನಾನು ಸತ್ತ ಮೇಲೆ ಲಾಮ್ ಹೇಗೆ ಎಂಬುದನ್ನು ಯೋಚಿಸುತ್ತಿರಲಿಲ್ಲ.

ಆಗ ಸಿಕ್ಕವನು ತ್ವಾಯ್. ಮಿಯೆನ್ ಕೆಲಸ ಮಾಡುವ ಚಪ್ಪಲಿ ಕಾರ್ಖಾನೆಯಲ್ಲೇ, ಅದೇ ಸಾಲಿನಲ್ಲಿ, ಅವಳಿಂದ ಮೂರು ಮಿಷನ್ ಆಚೆ ಅಟ್ಟೆ ಅಂಟಿಸುವವನು. ಊರು ಕಾ ಮಾವ್, ದೇಶದ ದಕ್ಷಿಣದ ತುದಿ. ಅಪ್ಪನದು ಸಿಗಡಿ ಹೊಂಡ. ಮದುವೆಯಾದ ಮೇಲೆ ಅಲ್ಲಿಗೇ ಹೋಗುತ್ತೇವೆ ಎಂದಿದ್ದ. ಕಾ ಮಾವ್ ಎಂದಾಗ ನನಗೆ ಕಂಡಿದ್ದು ಏಡಿ, ಸಿಗಡಿ, ಉಪ್ಪು ಗಾಳಿ. ಅವನು ತಾನು ‘ಮೂರು’, ಒಬ್ಬಳು ಅಕ್ಕ ಇದ್ದಾಳೆ ಎಂದಿದ್ದನಂತೆ. ಇವಳು ತಾನು ‘ಎರಡು’, ಒಬ್ಬಳೇ ಮಗಳು ಎಂದಿದ್ದಳು. ಎರಡು ವರ್ಷ ಹೀಗೇ ನಡೆಯಿತು. ಮನೆಗೆ ಮಾತ್ರ ನಾನು ಅವನನ್ನು ಕರೆಸಲಿಲ್ಲ.

ಅವನ ಮನೆಯವರು ಎಲೆ ಅಡಿಕೆ ತರುವ ದಿನ ಗೊತ್ತಾದಾಗ ಮಿಯೆನ್ ಜಗಳಕ್ಕೆ ನಿಂತಳು. ಅಣ್ಣನನ್ನು ಎಷ್ಟು ದಿನ ಮುಚ್ಚಿಡುತ್ತೀಯ ಎಂದಳು. ಮದುವೆಯಾಗಿ ಒಂದು ಮಗು ಆಗುವವರೆಗೆ ಎಂದೆ.

“ಆ ಮಗು ಹೇಗ್ ಹುಟ್ಟುತ್ತೆ ಅಂತ ನಿಂಗೆ ಗೊತ್ತೇನಮ್ಮಾ?” ಎಂದು ಕೇಳಿದಳು.

ನನಗೆ ಗೊತ್ತಿಲ್ಲ. ಮೂವರು ಡಾಕ್ಟರನ್ನು ಕೇಳಿದ್ದೆ. ಒಬ್ಬರೂ ಹೌದು ಎನ್ನಲಿಲ್ಲ, ಒಬ್ಬರೂ ಇಲ್ಲ ಎನ್ನಲಿಲ್ಲ. ನೀನು ಚೆನ್ನಾಗಿದ್ದೀಯ, ಅವನೂ ಚೆನ್ನಾಗಿದ್ದಾನೆ, ಸುಮ್ಮನೆ ಅಪಶಕುನ ನುಡಿಯಬೇಡ ಎಂದು ಗದರಿ ಅವಳ ಬಾಯಿ ಮುಚ್ಚಿಸಿದೆ.

ಭಾನುವಾರ ಬೆಳಿಗ್ಗೆ ಲಾಮ್‌ನನ್ನು ಬೆನ್ನಿಗೆ ಹಾಕಿಕೊಂಡು ಪಕ್ಕದ ಮನೆಯ ನಾಲ್ಕಕ್ಕನಲ್ಲಿ ಬಿಟ್ಟುಬಂದೆ. ಮೂವತ್ತೈದು ವಯಸ್ಸು, ತೂಕ ಹತ್ತು ವರ್ಷದ ಹುಡುಗನದು. ಟೀವಿ ನೋಡಲು ಹೋಗುತ್ತಿದ್ದೇವೆ ಎಂದುಕೊಂಡು ದಾರಿಯುದ್ದಕ್ಕೂ ನಕ್ಕ. ಅವನ ಹಾಸಿಗೆ ಮಡಚಿದೆ, ಮಂಚದ ಕೆಳಗಿನ ಬಟ್ಟೆ, ಔಷಧಿ ಎಲ್ಲ ಅಟ್ಟಕ್ಕೆ ಹಾಕಿದೆ. ಮನೆ ಒಂದು ಗಂಟೆಯಲ್ಲಿ ಒಬ್ಬಳೇ ಮಗಳಿರುವ ಮನೆಯಾಯಿತು. ಎಂಥ ಪಾಪಿ ನಾನು ಅಂತ ಆಗಲೂ ಅನ್ನಿಸಿತು, ಆದರೆ ಕೈ ನಿಲ್ಲಲಿಲ್ಲ.

ನಾಲ್ಕು ಜನ ಬಂದರು. ತ್ವಾಯ್, ಅವನ ಅಪ್ಪ, ಅವನ ತಾಯಿ ಲಿಯೆವ್, ಮತ್ತು ಅಪ್ಪನ ಸೋದರತ್ತೆ, ಹಲ್ಲಿಲ್ಲದ ಮುದುಕಿ. ಅಪ್ಪ ಮಾತು ಕಡಿಮೆ, ಕೈಯೆಲ್ಲ ಸುಟ್ಟ ಕಲೆ. ಲಿಯೆವ್ ನನ್ನ ವಯಸ್ಸಿನವಳು. ಮಿಯೆನ್ ಚಹಾ ತಂದಾಗ ಅವಳು ಹುಡುಗಿಯ ಮುಖ ನೋಡುವ ಮೊದಲು ಕೈಬೆರಳು ನೋಡಿದಳು, ಆಮೇಲೆ ಪಾದ. ಆ ನೋಟ ನನಗೆ ಗುರುತಿತ್ತು. ನಾನು ಬಾಗಿಲಲ್ಲಿ ತ್ವಾಯ್‌ನನ್ನು ನೋಡಿದ್ದೂ ಹಾಗೆಯೇ.

ಬಸ್ಸಿನ ಕತೆ, ಬಿಸಿಲಿನ ಕತೆ ಎಲ್ಲ ಆಯಿತು. ನನ್ನ ಗಂಡನ ಫೋಟೋ ಇರುವ ಹಿರಿಯರ ಪೀಠಕ್ಕೆ ಊದಿನಕಡ್ಡಿ ಹಚ್ಚಿ, ಅದರ ಮುಂದೆ ಎಲೆ ಅಡಿಕೆಯ ತಟ್ಟೆ ಇಟ್ಟರೆ ಮಾತು ಮುಗಿದಂತೆ, ಹುಡುಗಿ ಅವರವಳು. ತಟ್ಟೆ ಹೊರಗೆ ತ್ವಾಯ್‌ನ ಮೋಟರ್‌ಸೈಕಲ್‌ನ ಮೇಲೇ ಉಳಿದಿತ್ತು. ಆಗ ಮುದುಕಿ ತ್ವಾಯ್ ಕಡೆ ತಿರುಗಿ ಹೇಳಿತು:

“ಏ ಏಳನೇವ್ನೇ, ಹೋಗಿ ತಟ್ಟೆ ತಗೊಂಬಾರೋ.”

ತ್ವಾಯ್ ಎದ್ದುಬಿಟ್ಟ. ಎದ್ದ ಮೇಲೆ ಅವನಿಗೆ ಗೊತ್ತಾಯಿತು. ಲಿಯೆವ್ ನಕ್ಕಳು, ಅತ್ತೆಗೆ ವಯಸ್ಸಾಗಿದೆ, ಮನೆಯ ಮಕ್ಕಳನ್ನೆಲ್ಲ ಕಲಸಿಕೊಳ್ಳುತ್ತಾರೆ ಎಂದಳು. ನಾನೂ ನಕ್ಕೆ. ಹದಿನಾರು ವರ್ಷದಿಂದ ನಾನು ಮಾಡುತ್ತಿರುವ ಕೆಲಸವನ್ನು ಇನ್ನೊಬ್ಬಳು ಮಾಡಿದರೆ ನನಗೆ ತಿಳಿಯದೇ? ಅಕ್ಕ ಎರಡು, ಇವನು ಏಳು. ಮೂರು, ನಾಲ್ಕು, ಐದು, ಆರು ಎಲ್ಲಿ?

ಅನ್ನ ನೋಡುವ ನೆಪದಲ್ಲಿ ಅಡುಗೆಮನೆಗೆ ಹೋದೆ. ಮಿಯೆನ್ ಸೊಪ್ಪು ತೊಳೆಯುತ್ತಿದ್ದಳು, ಕೆನ್ನೆ ಕೆಂಪಾಗಿತ್ತು, ಅಷ್ಟು ಚೆಂದ ನಾನು ಅವಳನ್ನು ನೋಡಿರಲಿಲ್ಲ. ಅವಳಿಗೆ ಏನೂ ಕೇಳಿಸಿರಲಿಲ್ಲ. ಅವರ ಕಡೆಯೂ ಅದೇ ವಿಷ ಮುಟ್ಟಿರಬೇಕು, ಈಗ ಎರಡೂ ಮನೆಯ ಗುಟ್ಟು ಗೊತ್ತಿರುವವಳು ನಾನೊಬ್ಬಳೇ. ಬಾಯಿ ಬಿಟ್ಟರೆ ಅವರ ಸುಳ್ಳಿನ ಜೊತೆ ನನ್ನದೂ ಬಯಲಾಗಿ ಮಗಳು ಇಲ್ಲೇ ಕೊಳೆಯುತ್ತಾಳೆ. ಬಾಯಿ ಮುಚ್ಚಿದರೆ ಎರಡು ಕಡೆಯ ವಿಷವೂ ಅವಳ ಹೊಟ್ಟೆಯಲ್ಲಿ ಸೇರುತ್ತದೆ. ಒಲೆಯ ಮುಂದೆ ನಿಂತು, ಸುಮ್ಮನಿರುವುದು ಅಂತಲೇ ನಿರ್ಧಾರ ಮಾಡಿದೆ. ನಾನೇನು ಸತ್ಯದ ಅವತಾರವಲ್ಲ. ನಾಳೆಯ ಮಗು ನಾಳೆಗೆ, ಇವತ್ತು ನನ್ನ ಮಗಳು ಹೊರಗೆ ಬಿದ್ದರೆ ಸಾಕು.

ವಾಪಸ್ ಬಂದು ಕೂತೆ. ತಟ್ಟೆ ಒಳಗೆ ಬಂದಿತ್ತು, ಕೆಂಪು ಬಟ್ಟೆ ಮುಚ್ಚಿತ್ತು. ಲಿಯೆವ್ ಅದನ್ನು ಪೀಠದ ಮುಂದೆ ಇಡುವ ಮೊದಲು ನನ್ನ ಪಕ್ಕಕ್ಕೆ ಸರಿದು ನನ್ನ ಕೈ ಹಿಡಿದುಕೊಂಡಳು.

“ತುಂಬ ಕಡೆ ಹುಡುಕಿದ್ವಿ ಬೀಗರೇ,” ಎಂದಳು ಮೆಲ್ಲಗೆ. “ನಿಮ್ಮ ಮನೆ ನೋಡಿ ಜೀವಕ್ಕೆ ಸಮಾಧಾನ ಆಯ್ತು. ಉಳಿದಿರೋ ಗಂಡು ಇವನೊಬ್ಬನೇ. ಇವನ ಮಕ್ಕಳಾದ್ರೂ ನೆಟ್ಟಗೆ ಹುಟ್ಟಲಿ.”

ನಾನು ಅವಳಿಗೆ ಏನು ಮಾಡಲು ಹೊರಟಿದ್ದೆನೋ ಅವಳು ನನಗೂ ಅದನ್ನೇ ಮಾಡುತ್ತಿದ್ದಳು, ಆದರೆ ನನ್ನನ್ನು ನಂಬಿ ಮಾಡುತ್ತಿದ್ದಳು. ನನಗೆ ಅತ್ತೆ ನೆನಪಾದಳು. ಅವಳೂ ಕೆರೆಯನ್ನು ನಂಬಿಯೇ ಮೀನು ಬೇಯಿಸಿದ್ದು. ಗೊತ್ತಿಲ್ಲದೆ ಮಾಡಿದವಳನ್ನು ಇಷ್ಟು ವರ್ಷ ಕ್ಷಮಿಸಿದ್ದೆ. ಗೊತ್ತಿದ್ದೂ ಮಾಡುವ ನನ್ನನ್ನು ಯಾರು ಕ್ಷಮಿಸಬೇಕು?

ಒಂದು ನಿಮಿಷ ಕೂತಿರಿ ಎಂದು ಹೊರಗೆ ಹೋದೆ. ನಾಲ್ಕಕ್ಕ ಬೇಡ ಕಣೇ ಎನ್ನುತ್ತಿದ್ದಂತೆ ಲಾಮ್‌ನನ್ನು ಬೆನ್ನಿಗೆ ಹಾಕಿಕೊಂಡು ಬಂದು ಅವರ ನಡುವೆ ಚಾಪೆಯ ಮೇಲೆ ಮಲಗಿಸಿದೆ.

“ಇವನು ಎರಡು,” ಎಂದೆ. “ನನ್ನ ಮಗಳು ಐದು. ನಡುವಿನ ಎರಡು ಮಣ್ಣಲ್ಲಿವೆ. ಕೆರೆ ಮೀನು ತಿಂದ ಹೊಟ್ಟೆ ನಂದು.”

ಲಾಮ್ ಹೊಸ ಮುಖಗಳನ್ನು ನೋಡಿ ನಕ್ಕ. ಲಿಯೆವ್ ಅವನ ತಿರುಚಿದ ಪಾದವನ್ನು ನೋಡುತ್ತಾ ನೋಡುತ್ತಾ ಕುರ್ಚಿಯಿಂದ ಜಾರಿ ನೆಲಕ್ಕೆ ಕೂತಳು. ಆ ಪಾದವನ್ನು ಅಂಗೈಯಲ್ಲಿ ಹಿಡಿದುಕೊಂಡಳು.

“ನಮ್ಮಲ್ಲಿ ನಾಲ್ಕು ಮಣ್ಣಲ್ಲಿವೆ,” ಎಂದಳು. “ಒಂದು ಥೇಟ್ ಹಿಂಗೇ ಇತ್ತು. ಆರು ವರ್ಷ ಬದುಕಿತ್ತು.”

ಉಳಿದದ್ದನ್ನು ಅವಳ ಗಂಡ ಹೇಳಿದ. ಯುದ್ಧದಲ್ಲಿ ಅವರ ಉಪ್ಪುನೀರಿನ ಕಾಂಡ್ಲಾ ಕಾಡಿನ ಮೇಲೆ ವಿಮಾನಗಳು ಅದೇ ವಿಷ ಸುರಿದು, ಹರದಾರಿಗಟ್ಟಲೆ ಮರ ನಿಂತಲ್ಲೇ ಸತ್ತವಂತೆ. ಯುದ್ಧ ಮುಗಿದ ಮೇಲೆ ಸತ್ತ ಮರ ಕಡಿದು ಇದ್ದಿಲು ಸುಟ್ಟು ಬದುಕಿದರು. ಆ ಕೆಸರಲ್ಲೇ ಏಡಿ ಹಿಡಿದರು. ಬಿಟ್ಟಿ ಸೌದೆ, ಬಿಟ್ಟಿ ಏಡಿ, ನಮ್ಮಂಥ ಅದೃಷ್ಟವಂತರಿಲ್ಲ ಅಂದುಕೊಂಡಿದ್ದೆವು ಎಂದು ಹೇಳಿ ಅವನು ಕೈಯ ಕಲೆ ನೋಡಿಕೊಂಡ.

ಮಿಯೆನ್ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಅವಳು ತ್ವಾಯ್‌ನನ್ನು ನೋಡಿದಳು, ಅವನು ಅವಳನ್ನು. ಒಬ್ಬರ ಮೇಲೊಬ್ಬರಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. ಎರಡು ವರ್ಷ ಹೊತ್ತ ಭಾರ ಇಳಿಸಿದವರ ಹಾಗೆ ಇಬ್ಬರ ಭುಜವೂ ಇಳಿಯಿತು. ಆಮೇಲೆ ಅವಳು ಲಿಯೆವ್‌ಳ ಮುಂದೆ ಬಂದು ಕೂತಳು.

“ಮಕ್ಕಳು ಬೇಡ ಅಂದ್ಕೊಂಡು ನಾವಿಬ್ಬರೂ ಮದುವೆ ಆಗ್ತೀವಿ. ನಿಮಗೆ ಆಗುತ್ತಾ ಅಮ್ಮಾ?”

ಲಿಯೆವ್ ಗಂಡನ ಮುಖ ನೋಡಿದಳು. ಗಂಡ ಪೀಠದ ಮೇಲಿನ ಊದಿನಕಡ್ಡಿಯ ಹೊಗೆ ನೋಡುತ್ತಿದ್ದ. ನಾಲ್ಕನ್ನು ಮಣ್ಣು ಮಾಡಿದ ಮನೆ, ಉಳಿದ ಒಬ್ಬನೇ ಮಗ, ಅವನ ನಂತರ ಆ ಮನೆಯಲ್ಲಿ ಹಿರಿಯರಿಗೆ ಕಡ್ಡಿ ಹಚ್ಚಲು ಯಾರೂ ಇಲ್ಲ.

“ಆಗುತ್ತೆ ಅನ್ನೋಕೆ ಬಾಯಿ ಬರ್ತಿಲ್ಲ ಮಗಳೇ,” ಎಂದಳು.

ತಟ್ಟೆಯನ್ನು ಮಿಯೆನ್ನೇ ಎತ್ತಿ ಅವಳ ಕೈಗೆ ಕೊಟ್ಟಳು. ತ್ವಾಯ್ ಅಳುತ್ತಿದ್ದ. ತಾನು ಇಲ್ಲೇ ಇರುತ್ತೇನೆ ಎಂದ. ಆದರೆ ತಾಯಿ ಹೊಸ್ತಿಲು ದಾಟುವಾಗ ತತ್ತರಿಸಿದಳು, ಅವನು ಓಡಿಹೋಗಿ ಹಿಡಿದುಕೊಂಡ, ಹಿಡಿದುಕೊಂಡವನು ಬಿಡಲಾಗದೆ ಹಾಗೇ ಅವಳ ಜೊತೆ ಹೋದ. ಅವನನ್ನು ನಾನು ಹೇಗೆ ಬೈಯಲಿ? ನನ್ನ ಮಗಳೂ ಅಣ್ಣನನ್ನು ಬಿಟ್ಟು ಹೋಗುತ್ತಿರಲಿಲ್ಲವೇನೋ.

ಆಮೇಲೆ ಮಿಯೆನ್ ಅಟ್ಟದಿಂದ ಹಾಸಿಗೆ ಇಳಿಸಿ ಲಾಮ್‌ನನ್ನು ಮಲಗಿಸಿದಳು. ಅನ್ನ ಕಲಸಿ ಅವನಿಗೆ ಉಣ್ಣಿಸಿದಳು. ನಾನು ಅವಳು ಅಳಲಿ, ಕೂಗಾಡಲಿ ಎಂದು ಕಾಯುತ್ತಾ ಕೂತೆ. ಕೊನೆಯ ತುತ್ತು ತಿನ್ನಿಸಿ ಅವನ ಬಾಯಿ ಒರೆಸಿ, ನನ್ನ ಕಡೆ ನೋಡದೆ ಹೇಳಿದಳು:

“ಹದಿನಾರು ವರ್ಷ ಸುಳ್ಳು ಹೇಳಿಸ್ದೆ. ಇನ್ನೊಂದು ಅರ್ಧ ಗಂಟೆ ಸುಮ್ನಿರೋಕೆ ಆಗ್ಲಿಲ್ವೇನಮ್ಮಾ ನಿಂಗೆ?”

ನಾನು ಮಾಡಿದ್ದು ಸರಿ ಎಂದು ಒಂದು ದಿನವೂ ಅನ್ನಿಸಿಲ್ಲ. ಮಾಡದೇ ಇದ್ದಿದ್ದರೆ ನಿದ್ದೆ ಬರುತ್ತಿತ್ತು ಅಂತಲೂ ಇಲ್ಲ.

ಸೋಮವಾರ ಬೆಳಿಗ್ಗೆ ಆರಕ್ಕೆ ಅವಳು ಎಂದಿನಂತೆ ಕಾರ್ಖಾನೆಗೆ ಹೊರಟಳು. ಬೇರೆ ಸಾಲಿಗೆ ಹಾಕಿಸಿಕೋ ಎಂದೆ. ಸಂಜೆ ಬಂದು, ಕೇಳಿದೆ, ಜಾಗ ಖಾಲಿ ಇಲ್ಲವಂತೆ ಎಂದಳು. ಎರಡು ವರ್ಷವಾಯಿತು, ತಾಯಿಯನ್ನು ಊರಿಗೆ ಮುಟ್ಟಿಸಿ ಬಂದ ಅವನು ಇನ್ನೂ ಅಲ್ಲೇ ಅಟ್ಟೆ ಅಂಟಿಸುತ್ತಾನೆ, ಅವಳು ಅಲ್ಲೇ ಹೊಲಿಗೆ ಹಾಕುತ್ತಾಳೆ. ಮಾತಾಡುತ್ತೀರೇನೇ ಎಂದು ಒಮ್ಮೆ ಕೇಳಿದೆ. ಮಿಷನ್ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲ ಎಂದಳು.