ಹುಣಸೆಹಣ್ಣು ತಿಂದ ನಂಬರು

ರಂಗಂಪೇಟೆಯ ನಂದಿನಿ ಟೀಚರಿಗೆ ಹುಚ್ಚು ಹಿಡಿದಿದೆ ಎಂದು ಜನ ಆಡಿಕೊಂಡರೆ ಅದರಲ್ಲಿ ಜನರ ತಪ್ಪೇನೂ ಇರಲಿಲ್ಲ. ತಂದೆ ಸಾಬಣ್ಣ ಸುರಪುರ, ಶಹಾಪುರದ ನಡುವೆ ಬಾಡಿಗೆಗೆ ಓಡಿಸುತ್ತಿದ್ದ ಅಂಬಾಸಿಡರ್ ಕಾರನ್ನು ಆಕೆ ಗೋಗಿ ಊರಿನ ಒಂದು ಕಣದ ಮೂಲೆಯಿಂದ ಎತ್ತಿಸಿಕೊಂಡು ಬಂದಿದ್ದಳು. ಒಳಗೆ ಕೋಳಿಗಳು ಸಂಸಾರ ಹೂಡಿದ್ದವು. ಚಾಸಿ ನಂಬರು ತಂದೆಯ ಹಳೇ ಆರ್‌ಸಿಗೆ ತಾಳೆಯಾದ ದಿನ ಆಕೆ ಆ ತುಕ್ಕಿನ ಮೇಲೆ ಕೆನ್ನೆಯಿಟ್ಟು ಬಹಳ ಹೊತ್ತು ಕೂತಿದ್ದಳು.

ಆದರೆ ಬಾನೆಟ್ಟಿನ ಕೆಳಗೆ ಇದ್ದದ್ದು ಬೇರೆ ಯಾವುದೋ ಗಾಡಿಯ ಎಂಜಿನ್. ಶಹಾಪುರದ ಮೆಕ್ಯಾನಿಕ್ ವಿಶ್ವರಾಧ್ಯ ಮುಲಾಜಿಲ್ಲದೆ ಹೇಳಿದ. ಹಳೇ ಕಾರುಗಳ ಸಂಘದವರು ಚಾಸಿ, ಎಂಜಿನ್ ಎರಡರ ನಂಬರೂ ಕೂಡಿದರೆ ಮಾತ್ರ ಅಸಲಿ ಅನ್ನುತ್ತಾರೆ, ಇಲ್ಲದಿದ್ದರೆ ಇದು ಯಾರದೋ ರುಂಡ, ಯಾರದೋ ಮುಂಡ.

ನಂದಿನಿಗೆ ಸಂಘದ ಸರ್ಟಿಫಿಕೇಟೂ ಬೇಕಿತ್ತು, ಇಲ್ಲವೆಂದಲ್ಲ. ಅದಕ್ಕಿಂತ ಹೆಚ್ಚಾಗಿ ತಂದೆ ಓಡಿಸಿದ ಆ ಅಸಲಿ ಎಂಜಿನ್ ಬೇಕಿತ್ತು. ತಂದೆ ತೀರಿಕೊಂಡಾಗ ಆಕೆ ಇನ್ನೂ ಲಂಗದ ಹುಡುಗಿ. ಮುಖ ಫೋಟೋದಲ್ಲಿ ಕಂಡಷ್ಟೇ ನೆನಪು. ಸಂಜೆ ಮನೆಯತ್ತ ಬರುವ ಕಾರಿನ ಸದ್ದು ಮಾತ್ರ ಇಂದಿಗೂ ನಿದ್ದೆಯಲ್ಲಿ ಕೇಳುತ್ತಿತ್ತು. ಬಡಿಯುತ್ತ ಬಡಿಯುತ್ತ ನಡುವೆ ಒಮ್ಮೆ ಉಸಿರು ಹಿಡಿದಂಥ ಸದ್ದು.

ತಂದೆ ಹೋದ ಮೇಲೆ ಕಾರು ಕೊಂಡವರನ್ನು, ಅವರಿಂದ ಕೊಂಡವರನ್ನು ಕೇಳುತ್ತ ಹೋದರೆ, ಎಂಜಿನ್ ದೇವಾಪುರದಾಚೆ ಹೊಳೆದಂಡೆಗೆ ನೀರೆತ್ತಲು ಹೋಗಿದೆ ಎಂದು ತಿಳಿಯಿತು. ಒಂದು ಸಂಜೆ ಹೊರಟಳು. ದಂಡೆ ಇನ್ನೂ ದೂರವಿತ್ತು, ಭತ್ತದ ಗದ್ದೆಗಳ ಮೇಲೆ ಬಿಸಿಲು ಮಂಜಿನ ಹಾಗೆ ತೇಲುತ್ತಿತ್ತು. ಆಗ ಕೇಳಿಸಿತು, ನಡುವೆ ಒಮ್ಮೆ ಉಸಿರು ಹಿಡಿಯುವ ಅದೇ ಸದ್ದು. ಸ್ಕೂಟಿ ನಿಲ್ಲಿಸಿ ಕಣ್ಣು ಮುಚ್ಚಿದಳು. ಕಾಲಡಿಯ ಹಾದಿ ರಂಗಂಪೇಟೆಯ ಓಣಿಯಾಯಿತು, ಸೊಂಟದ ಸೀರೆ ಲಂಗವಾಯಿತು, ಯಾರೋ ತಿರುವಿನಲ್ಲಿ ಹಾರನ್ ಹೊಡೆದರು. ಕಣ್ಣು ತೆರೆಯಲು ಆಕೆಗೆ ಮನಸ್ಸೇ ಬರಲಿಲ್ಲ.

ಬೇವಿನ ಮರದ ಕೆಳಗೆ ಎಂಜಿನ್ ಅರಿಶಿನ ಕುಂಕುಮ ಹಚ್ಚಿಕೊಂಡು ಮದುಮಗನಂತೆ ಕೂತಿತ್ತು. ಹೊಲದೊಡತಿ ಹಣಮಂತಮ್ಮ ವಯಸ್ಸಾದವಳು, ಒಂಟಿ ಹೆಂಗಸು. ನಂದಿನಿ ಬಗ್ಗಿ ನಂಬರಿನ ತಗಡು ಹುಡುಕಿದಳು. ತಗಡು ಇತ್ತು, ಕನ್ನಡಿಯಂತೆ ಹೊಳೆಯುತ್ತಿತ್ತು. ಅದರ ಮೇಲೆ ಒಂದು ಅಂಕಿಯೂ ಇರಲಿಲ್ಲ.

"ಅಮಾಸಿಗೊಮ್ಮಿ ಹುಣಸಿಹಣ್ಣು ಹಚ್ಚಿ ತಿಕ್ಕತೀನ್ರಿ ಅಕ್ಕೋರ," ಎಂದಳು ಹಣಮಂತಮ್ಮ ಹೆಮ್ಮೆಯಿಂದ. "ಅನ್ನ ಕೊಡೋ ದೇವರು. ಹೊಲಸ ಇಡಬಾರದು."

ನಂದಿನಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಬಂದ ಕಾರಣವನ್ನೆಲ್ಲ ಹೇಳಿದಳು. ಹಣಮಂತಮ್ಮನ ಕೈ ಬಾಯಿಯ ಮೇಲೆ ಹೋಯಿತು.

"ನಿಮ್ಮಪ್ಪನ ಗುರ್ತಾ ನಾನೇ ತಿಕ್ಕಿ ಅಳಿಸೀನಿ ಯವ್ವಾ. ಒಯ್ಯಿ. ನಂದು ಹೆಂಗರ ಆಗ್ತದ."

ಭತ್ತ ಹಾಲುಗಟ್ಟುವ ಹೊತ್ತು, ನೀರು ನಿಲ್ಲಿಸುವಂತಿಲ್ಲ. ಹೆಂಗೂ ಆಗುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ವಿಶ್ವರಾಧ್ಯನಿಗೆ ಫೋನ್ ಮಾಡಿದರೆ ಆತ, ಎಂಜಿನ್ ತನ್ನಿ, ಆರ್‌ಸಿ ನೋಡಿ ಅದೇ ನಂಬರು ಅಚ್ಚು ಹೊಡೆದುಕೊಡುತ್ತೇನೆ, ನಿಜವಾದ ನಂಬರೇ ತಾನೆ, ಅದರಲ್ಲಿ ಸುಳ್ಳೆಲ್ಲಿದೆ ಎಂದ. ನಂದಿನಿಗೆ ಆಸೆಯಾಯಿತು. ಬಾಯಲ್ಲಿ ನೀರೂರುವಷ್ಟು ಆಸೆಯಾಯಿತು. ಆದರೆ ಒಯ್ದರೆ ಅದು ಶೆಡ್ಡಿನಲ್ಲಿ ಬಟ್ಟೆ ಹೊದ್ದು ಮಲಗುತ್ತದೆ, ಹಳೇ ಕಾರುಗಳ ಮೆರವಣಿಗೆಯ ದಿನ ಮಾತ್ರ ಕೆಮ್ಮುತ್ತದೆ. ಇಲ್ಲಿ ದಿನವೂ ದುಡಿಯುತ್ತಿದೆ. ತಂದೆಯೂ ಒಂದು ದಿನ ಸುಮ್ಮನೆ ಕೂತವನಲ್ಲ.

"ದಿನಾ ಯಾವಾಗ ಚಾಲೂ ಮಾಡ್ತೀರಿ?" ಎಂದು ಕೇಳಿದಳು.

"ಸಂಜಿಕ."

"ಹಂಗಾರ ಇಲ್ಲೇ ಇರ್ಲಿ ಬಿಡ್ರಿ. ನಾನೇ ಬರ್ತೀನಿ."

ಸಂಘದವರು ಕಾರನ್ನು ಅಸಲಿ ಅನ್ನಲಿಲ್ಲ. ಅನ್ನದಿದ್ದರೆ ಅವರ ಮನೆ ಅವರಿಗೆ. ನಂದಿನಿ ಈಗಲೂ ಬಿಡುವಾದ ಸಂಜೆ ರಿಪೇರಿ ಮಾಡಿಸಿದ ಅದೇ ರುಂಡ ಮುಂಡದ ಕಾರನ್ನು ದಂಡೆಗೆ ತಂದು, ಅದರ ಪರಕೀಯ ಎಂಜಿನ್ನಿನ ಬಾಯಿ ಮುಚ್ಚಿಸಿ, ಗಾಜು ಇಳಿಸಿ ಕೂರುತ್ತಾಳೆ. ಹಣಮಂತಮ್ಮ ಆಕೆ ಬರುವ ತನಕ ಕಾದು ಬೇವಿನಡಿಯ ಎಂಜಿನ್ ಚಾಲೂ ಮಾಡುತ್ತಾಳೆ. ಮಾಡಿ, ಕಾಲುವೆಯ ಕಡೆಗೆ ಹೊರಟುಬಿಡುತ್ತಾಳೆ. ತಂದೆ ಮಗಳ ನಡುವೆ ತನಗೇನು ಕೆಲಸ ಎಂಬುದು ಆಕೆಯ ಲೆಕ್ಕ.